ಬಲಗಡೆಯ ಸ್ಟೇರಿಂಗು

ನನಗೆ ಕಾರಿನ ಹುಚ್ಚು ಇದೆ, ಕಾರು ಇಲ್ಲ :-) ಆಫೀಸಿಗೆ ಬಿಎಂಟಿಸಿಯೇ ಗತಿ. ಆದರೂ ಯಾವ ಕಂಪೆನಿ ಯಾವ ದೇಶಕ್ಕೆ ಕಾರು ಕಳಿಸುತ್ತದೆ, ಯಾಕೆ ಕಳಿಸುವುದಿಲ್ಲ ಅಂತ ಓದುತ್ತಾ ಕೂರುವುದು ನನಗೊಂದು ಚಟ.

ಅಮೆರಿಕದ ಕಾರ್ವೆಟ್ಟನ್ನೇ ನೋಡಿ. 1953ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರು. ಏಳು ತಲೆಮಾರು ಬಂದು ಹೋದರೂ ಫ್ಯಾಕ್ಟರಿಯಿಂದ ಬಲಗಡೆ ಸ್ಟೇರಿಂಗಿನ ಕಾರ್ವೆಟ್ ಬರಲೇ ಇಲ್ಲ. ಬ್ರಿಟನ್ನಿನವನಿಗೆ ಬೇಕಿದ್ದರೆ ಎಡಗಡೆಯದ್ದನ್ನೇ ತರಿಸಿಕೊಳ್ಳಬೇಕು, ಇಲ್ಲವೇ ಯಾವುದೋ ಗ್ಯಾರೇಜಿನಲ್ಲಿ ದುಡ್ಡು ಸುರಿದು ಬದಲಾಯಿಸಿಕೊಳ್ಳಬೇಕು. ಸ್ಟೇರಿಂಗನ್ನು ಆ ಕಡೆಯಿಂದ ಈ ಕಡೆಗೆ ಇಡುವುದು ಹುಡುಗಾಟವಲ್ಲ ಸ್ವಾಮೀ... ಡ್ಯಾಶ್‌ಬೋರ್ಡು, ಪೆಡಲ್ಲು, ವೈರಿಂಗು ಎಲ್ಲ ಹೊಸದಾಗಿ ಡಿಸೈನ್ ಆಗಬೇಕು, ಮತ್ತೆ ಪರೀಕ್ಷೆಗಳು. ಹತ್ತು ಕಾರು ಮಾರಿದರೂ ಹತ್ತು ಸಾವಿರ ಮಾರಿದರೂ ಆ ಖರ್ಚು ಅಷ್ಟೇ.

2019ರಲ್ಲಿ ತೋರಿಸಿದ ಎಂಟನೇ ತಲೆಮಾರಿನಲ್ಲಿ ಎಂಜಿನ್ ಸೀಟಿನ ಹಿಂದಕ್ಕೆ ಹೋಯಿತು, ಸ್ಟೇರಿಂಗು ಬಲಕ್ಕೂ ಬಂತು. ಜಪಾನ್, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಕಾರು ಹೋಯಿತು. ತಮಾಷೆ ಅಂದರೆ, ಅದೇ ಜನರಲ್ ಮೋಟಾರ್ಸ್ 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಮನೆಮಾತಾಗಿದ್ದ ಹೋಲ್ಡನ್ ಬ್ರ್ಯಾಂಡನ್ನು ಮುಚ್ಚಿತು. ಜನಸಾಮಾನ್ಯರ ಕಾರು ಬೇಡ, ಸಾಹುಕಾರರದ್ದು ಇರಲಿ!

ನಮ್ಮಲ್ಲೂ ಸ್ಟೇರಿಂಗು ಬಲಕ್ಕೇ. ಆದರೆ ಕಂಪೆನಿ 2017ರಲ್ಲೇ ಇಲ್ಲಿ ಶೆವ್ರೊಲೆ ಮಾರುವುದನ್ನು ನಿಲ್ಲಿಸಿತ್ತು. ಜೊತೆಗೆ ಸುಂಕ ಬೇರೆ. 2013ರ ಬಜೆಟ್ಟಿನಲ್ಲಿ ದುಬಾರಿ ಆಮದು ಕಾರುಗಳಿಗೆ ಅದನ್ನು ಶೇ. 75ರಿಂದ 100ಕ್ಕೆ ಏರಿಸಿದ್ದರು. (ತೆಂಡೂಲ್ಕರ್‌ಗೆ ಉಡುಗೊರೆಯಾಗಿ ಬಂದ ಫೆರಾರಿಯ ಸುಂಕ ಮಾಫಿ ಮಾಡಿದ್ದಕ್ಕೆ 2003ರಲ್ಲಿ ಎದ್ದ ಗಲಾಟೆ ನೆನಪಿದೆಯಾ?)

ಇದೇ ಲೆಕ್ಕ ನನಗೆ ಆಫೀಸಿನಲ್ಲೂ ಎದುರಾಗುತ್ತದೆ. ನಮ್ಮದು ಕರೆಂಟು, ನೀರಿನ ಬಿಲ್ಲು ಕಟ್ಟುವ ಆ್ಯಪು. ಕನ್ನಡ ಸೇರಿಸೋಣ ಅಂದಾಗಲೆಲ್ಲ ಮ್ಯಾನೇಜರು, "ಕನ್ನಡ ಬೇಕು ಅಂತ ಎಷ್ಟು ಜನ ಕೇಳಿದ್ದಾರೆ?" ಅನ್ನುತ್ತಾರೆ. ಅವರೇನೂ ಕೆಟ್ಟವರಲ್ಲ, ಟೆಸ್ಟಿಂಗ್ ಖರ್ಚು ನಿಜವೇ. ಆದರೆ ಭಾಷೆ ಆರಿಸುವ ಗುಂಡಿಯೇ ಇಲ್ಲದ ಕಡೆ ಯಾರು, ಎಲ್ಲಿ ಕೇಳಬೇಕು? ಬಲಗಡೆ ಸ್ಟೇರಿಂಗು ಮಾಡದೆಯೇ ಬಲಗಡೆಯ ಗಿರಾಕಿಗಳನ್ನು ಎಣಿಸಿದ ಹಾಗಾಯಿತು. ಕಾರ್ವೆಟ್ ಬಾರದಿದ್ದರೆ ನನಗೇನೂ ನಷ್ಟವಿಲ್ಲ. ಆದರೆ ನಾನೇ ಬರೆದ ಪುಟ ಅರ್ಥವಾಗದೆ ಅಮ್ಮ ಪ್ರತಿ ತಿಂಗಳೂ ಫೋನು ಮಾಡಿ, "ಈಗ ಯಾವುದು ಒತ್ತಬೇಕೋ?" ಅಂತ ಕೇಳುತ್ತಾಳೆ.

ಮುಂದಿನ ವಾರ ಮತ್ತೆ ಮೀಟಿಂಗ್ ಇದೆ. ನಿಮ್ಮಲ್ಲಿ ಯಾರಾದರೂ ಹೀಗೆ ಹಟ ಹಿಡಿದು ಗೆದ್ದಿದ್ದರೆ, ಏನು ಹೇಳಿ ಒಪ್ಪಿಸಿದಿರಿ ಅಂತ ದಯವಿಟ್ಟು ತಿಳಿಸಿ.