ಕುದುರೆ ಯಾರಿಗಾಗಿ ಅತ್ತಿತು?

'ಕುದುರೆ ಕಂಡರೆ ಕಾಲುನೋವು' ಎಂದು ನಮ್ಮಲ್ಲೊಂದು ಗಾದೆ. ನೋವು ಯಾರ ಕಾಲಿನದು? ನಮ್ಮದೇ. ಬೆಳಗಿನಿಂದ ಬೈಗಿನವರೆಗೆ ಲಾಳ ಸವೆಸಿದ ಕುದುರೆಯ ಕಾಲಿನ ಬಗ್ಗೆ ಗಾದೆ ಕಟ್ಟುವಷ್ಟು ಪುರುಸೊತ್ತು ಯಾರಿಗೂ ಇದ್ದಂತಿಲ್ಲ. ಲೋಕದಲ್ಲೇ ಇಲ್ಲದ ವಸ್ತುವಿಗೆ ಹೆಸರು ಬೇಕಾದಾಗ ಕುದುರೆಯ ಕೊಂಬು ಎಂದೆವು. ಅದರ ಪಾಲಿನ ಹುರುಳಿಯನ್ನು ಬೇಯಿಸಿ, ಕಟ್ಟು ಬಸಿದು, ಸಾರು ಮಾಡಿ, 'ಚಳಿಗಾಲಕ್ಕೆ ಬಹಳ ಒಳ್ಳೆಯದು ಕಣ್ರೀ' ಎನ್ನುತ್ತ ಎರಡನೇ ಸಲವೂ ಬಡಿಸಿಕೊಂಡೆವು. ಒಟ್ಟಿನಲ್ಲಿ ಕುದುರೆಯ ಮಾತೆತ್ತಿದರೂ ನಾವು ಆಡುವುದು ನಮ್ಮ ಮಾತೇ.

ನನ್ನ ಸೋದರಮಾವ ಇದಕ್ಕೆ ಒಳ್ಳೆಯ ಸಾಕ್ಷಿ. ರೇಸಿನ ಪುಸ್ತಕ ಅವರಿಗೆ ನಿತ್ಯ ಪಾರಾಯಣ. ಯಾವ ಕುದುರೆಯ ತಾಯಿ ಯಾರು, ತಾಯಿಯ ತಂದೆ ಯಾರು ಎಂದು ಮೂರು ತಲೆಮಾರು ಬಾಯಿಪಾಠ. ನಮ್ಮ ಮನೆತನದ ವಂಶವೃಕ್ಷ ಕೇಳಿದರೆ ಅಜ್ಜನಿಗೇ ಸುಸ್ತಾಗುತ್ತಾರೆ. ಒಮ್ಮೆ ಕೇಳಿದೆ: "ಮಾವ, ಈ ಕುದುರೆಗೆ ಸ್ನೇಹಿತ ಯಾರು?" ಅವರು ಕನ್ನಡಕ ಇಳಿಸಿ ನೋಡಿದರು. "ಏನೋ ಹಾಗಂದ್ರೆ? ಜಾಕಿನೇ ಅದರ ಸ್ನೇಹಿತ."

ಮಾವನನ್ನು ದೂರಿ ಫಲವಿಲ್ಲ. ದೊಡ್ಡ ದೊಡ್ಡ ಕವಿಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ. ಹೋಮರನ ಇಲಿಯಡ್‌ನಲ್ಲಿ ಅಕಿಲಿಸ್‌ನ ಗೆಳೆಯ ಪ್ಯಾಟ್ರೋಕ್ಲಸ್ ಸತ್ತಾಗ ಅಕಿಲಿಸ್‌ನ ಎರಡು ಕುದುರೆಗಳು, ಕ್ಸಾಂಥಸ್ ಮತ್ತು ಬಾಲಿಯಸ್, ಯುದ್ಧದ ನಡುವೆ ಸಮಾಧಿಯ ಕಂಬದ ಹಾಗೆ ನಿಂತುಬಿಡುತ್ತವೆ. ತಲೆ ನೆಲಕ್ಕೆ ಬಾಗಿದೆ, ಜೂಲು ಮಣ್ಣಾಗಿದೆ, ಕಣ್ಣೀರು ಸುರಿಯುತ್ತಿದೆ. ಸಾರಥಿ ಚಾವಟಿ ಬೀಸಿದರೂ ಅಷ್ಟೆ, ಬೇಡಿಕೊಂಡರೂ ಅಷ್ಟೆ. ಅವು ಸಾವಿಲ್ಲದ ದೇವಕುದುರೆಗಳು. ಸಾಯುವ ಮನುಷ್ಯರ ಕೈಗೆ ನಿಮ್ಮನ್ನು ಯಾಕಾದರೂ ಕೊಟ್ಟೆವೋ ಎಂದು ಮೇಲಿನಿಂದ ನೋಡುತ್ತಿದ್ದ ಜ್ಯೂಸ್ ಕೂಡ ಮರುಗುತ್ತಾನೆ. ವಾಲ್ಮೀಕಿ ರಾಮಾಯಣದಲ್ಲಿ ರಾಮನನ್ನು ಬಿಟ್ಟು ಬಂದ ಸುಮಂತ್ರ ದಶರಥನಿಗೆ ವರದಿ ಒಪ್ಪಿಸುವಾಗ ಕುದುರೆಗಳ ಸಂಗತಿಯೂ ಬರುತ್ತದೆ: ಅವು ದಾರಿ ಹಿಡಿಯಲೊಲ್ಲವು, ಬಿಸಿ ಕಣ್ಣೀರು ಹಾಕಿದವು.

ಇವರೆಲ್ಲರಲ್ಲಿ ಕುದುರೆಯನ್ನು ಕಣ್ಣಾರೆ ನೋಡಿ ಬರೆದವನು ಅಶ್ವಘೋಷ ಎಂದು ನನ್ನ ಗುಮಾನಿ. ಅವನ ಬುದ್ಧಚರಿತದಲ್ಲಿ ಸಿದ್ಧಾರ್ಥನನ್ನು ಕಾಡಿಗೆ ಹೊತ್ತೊಯ್ದ ಕಂಥಕ ಒಡೆಯನ ಪಾದ ನೆಕ್ಕಿ ಕಣ್ಣೀರಿಡುತ್ತದೆ. ಇದು ಕಾವ್ಯದ ಮಾಮೂಲು. ಆದರೆ ಹಿಂದಿರುಗುವ ದಾರಿಯಲ್ಲಿ ಅದು ಮತ್ತೆ ಮತ್ತೆ ಕಾಡಿನ ಕಡೆಗೇ ತಿರುಗಿ ಕೆನೆಯುತ್ತದೆ. ಹಸಿದಿದ್ದರೂ ಹುಲ್ಲು ನೀರು ಮುಟ್ಟುವುದಿಲ್ಲ. ಇದು ಲಾಯದಲ್ಲಿ ನಿಂತು ನೋಡಿದವನ ಮಾತು. ಅರಮನೆಗೆ ಬಂದ ಮೇಲೆ ಯಶೋಧರೆ ಅದಕ್ಕೆ ಹಾಕುವ ಛೀಮಾರಿಯಂತೂ ಸೊಗಸು: ಈಗ ಅರಮನೆ ಬಿರಿಯುವ ಹಾಗೆ ಕೂಗುತ್ತಿದ್ದೀಯಲ್ಲ, ನನ್ನ ಗಂಡನನ್ನು ಹೊತ್ತು ಹೊರಟ ಆ ರಾತ್ರಿ ನಿನ್ನ ಬಾಯಿಗೇನಾಗಿತ್ತು ಎಂಬ ಅರ್ಥ ಅದರದು. ಪಾಪದ ಪ್ರಾಣಿ ಏನೆಂದು ಉತ್ತರಿಸೀತು? ಅದನ್ನು ನೋಡಿಕೊಳ್ಳುತ್ತಿದ್ದ ಚನ್ನನೇ ಅದರ ಪರವಾಗಿ ವಕಾಲತ್ತು ವಹಿಸಬೇಕಾಯಿತು.

ಇಷ್ಟೂ ಕಡೆ ಕುದುರೆ ಅತ್ತದ್ದು ಯಾರಿಗೆ? ಮನುಷ್ಯನಿಗೆ. ಪಕ್ಕದ ನೊಗದ ಕುದುರೆಗಾಗಿ ಅತ್ತ ಕುದುರೆಯನ್ನು ಈ ಮಹಾಕವಿಗಳು ಯಾರೂ ಕರೆತರಲಿಲ್ಲ.

ಕಣ್ಣೀರಿನ ವಿಷಯಕ್ಕೆ ಬಂದರೆ, ಪಶುವೈದ್ಯರು ಕಾವ್ಯವನ್ನು ಒಂದು ಹತ್ತಿ ಉಂಡೆಯಲ್ಲಿ ಒರೆಸಿಬಿಡುತ್ತಾರೆ. ಕುದುರೆಯ ಕಣ್ಣಲ್ಲಿ ನೀರು ಬಂದರೆ ಧೂಳು, ನೊಣ, ಸೋಂಕು, ಇಲ್ಲವೇ ಕಣ್ಣಿಂದ ಮೂಗಿಗೆ ಇಳಿಯುವ ನಾಳ ಕಟ್ಟಿದೆ ಎಂದರ್ಥ. ದುಃಖಕ್ಕೆ ಕಣ್ಣೀರು ಸುರಿಸುವುದು ಮನುಷ್ಯನ ಪದ್ಧತಿ. ಕುದುರೆಯ ದುಃಖ ಹುಡುಕಬೇಕಾದ್ದು ಗೋದಲಿಯಲ್ಲಿ. "ಮೇವು ಬಿಟ್ಟಿದೆ" ಎಂದು ಕುದುರೆ ನೋಡಿಕೊಳ್ಳುವವನು ಹೇಳಿದರೆ ಅದು ಸಣ್ಣ ಮಾತಲ್ಲ. ಕುದುರೆಯ ಹೊಟ್ಟೆ ಆಮ್ಲವನ್ನು ಹಗಲೂ ರಾತ್ರಿ ಸ್ರವಿಸುತ್ತಲೇ ಇರುತ್ತದೆ. ಹುಲ್ಲು ಒಳಗೆ ಹೋಗುತ್ತಿರಬೇಕು, ಇಲ್ಲವಾದರೆ ಆ ಆಮ್ಲ ಹೊಟ್ಟೆಯನ್ನೇ ಸುಡುತ್ತದೆ. ಜೊತೆಗಾರ ಹೋದ ಕುದುರೆ ಬೇಲಿಯುದ್ದಕ್ಕೂ ಅತ್ತಿಂದಿತ್ತ ಸುತ್ತುತ್ತದೆ, ಕೆನೆದು ಕಿವಿ ನಿಮಿರಿಸಿ ಮಾರುತ್ತರಕ್ಕೆ ಕಾಯುತ್ತದೆ, ಮತ್ತೆ ಕೆನೆಯುತ್ತದೆ. ಕೆಲವು ಮಾತ್ರ ಮೂಲೆಗೆ ಮುಖ ಮಾಡಿ ಸುಮ್ಮನೆ ನಿಂತುಬಿಡುತ್ತವೆ. ಗಲಾಟೆ ಮಾಡುವುದಕ್ಕಿಂತ ಈ ಸುಮ್ಮನೆ ನಿಲ್ಲುವುದೇ ಕೆಟ್ಟದ್ದು.

ನಮಗಾಗಿ ಅವು ದುಃಖಿಸುವುದೇ ಇಲ್ಲವೇ? ಇಲ್ಲಿ ಬರ್ಲಿನ್ನಿನ ಹಾನ್ಸ್ ನೆನಪಾಗುತ್ತಾನೆ. ಕಳೆದ ಶತಮಾನದ ಮೊದಲಲ್ಲಿ ಫಾನ್ ಓಸ್ಟೆನ್ ಎಂಬ ಮೇಷ್ಟ್ರು ತನ್ನ ಈ ಕುದುರೆಗೆ ಲೆಕ್ಕ ಕಲಿಸಿದ್ದ. ಪ್ರಶ್ನೆ ಹಾಕಿದರೆ ಗೊರಸು ಬಡಿದು ಉತ್ತರ. ಕೂಡಿಸುವುದು, ಕಳೆಯುವುದು, ಭಿನ್ನರಾಶಿ ಸಹ. ಬರ್ಲಿನ್ನಿನ ಪಂಡಿತರೆಲ್ಲ ಬೆರಗಾದರು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಎಂಬವನು ಗುಟ್ಟು ಒಡೆದ: ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ಕಂಡು ಗೊರಸು ನಿಲ್ಲಿಸುತ್ತಿತ್ತು. ತಾನು ಸನ್ನೆ ಮಾಡುತ್ತಿದ್ದೇನೆಂದು ಮೇಷ್ಟ್ರಿಗೂ ತಿಳಿದಿರಲಿಲ್ಲ. ಎಲ್ಲರೂ 'ಓ, ಮೋಸ' ಎಂದು ಮನೆಗೆ ಹೋದರು. ನನಗೇನೋ ಭಿನ್ನರಾಶಿಗಿಂತ ಇದೇ ದೊಡ್ಡ ವಿದ್ಯೆ ಅನಿಸುತ್ತದೆ. ಮನೆಯಲ್ಲಿ ಸಾವಾದಾಗ ಲಾಯದ ಕುದುರೆ ಮಂಕಾಗಿತ್ತು ಎಂಬ ಕಥೆಗಳನ್ನು ಸುಳ್ಳು ಎನ್ನಬೇಕಾಗಿಲ್ಲ. ಆದರೆ ಅದು ಓದುತ್ತಿದ್ದದ್ದು ಸತ್ತವರನ್ನೋ, ಅತ್ತ ನಮ್ಮ ಭುಜ, ಉಸಿರು, ನಡಿಗೆಯನ್ನೋ ಎಂದು ಒಂದು ಸಲ ಕೇಳಿಕೊಳ್ಳಬೇಕು.

ಅವುಗಳ ನಡುವಿನ ಸ್ನೇಹಕ್ಕೆ ಇಷ್ಟು ಅನುಮಾನ ಬೇಡ. ಎರಡು ಕುದುರೆಗಳು ತಲೆಗೆ ಬಾಲವಾಗಿ ನಿಂತು, ಜೂಲು ಮುಗಿಯುವ ಹೆಗಲ ಏಣನ್ನು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದನ್ನು ನೋಡಿರಬಹುದು. ಫ್ರಾನ್ಸಿನ ಕಮಾರ್ಗ್ ಕುದುರೆಗಳಲ್ಲಿ ಆ ಜಾಗವನ್ನು ಕೈಯಿಂದ ಕೆರೆದು ನೋಡಿದವರಿದ್ದಾರೆ, ಎದೆಬಡಿತ ನಿಧಾನವಾಯಿತು. ಬೇರೆ ಕಡೆ ಕೆರೆದರೆ ಹಾಗಾಗಲಿಲ್ಲ. 1993ರಲ್ಲಿ ಇದು ಪ್ರಕಟವಾಯಿತು. ನ್ಯೂಜಿಲೆಂಡಿನ ಕೈಮನಾವ ಬೆಟ್ಟಗಳ ಕಾಡುಕುದುರೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಎಲಿಸಾ ಕ್ಯಾಮರಾನ್ ಮತ್ತು ಸಂಗಡಿಗರದು ಇನ್ನೂ ಸ್ವಾರಸ್ಯ. ಹೆಣ್ಣು ಕುದುರೆ ಪ್ರಾಯಕ್ಕೆ ಬಂದಾಗ ಹುಟ್ಟಿದ ಹಿಂಡು ಬಿಟ್ಟು ಬೇರೆ ಹಿಂಡು ಸೇರುತ್ತದೆ. ಅಲ್ಲಿರುವವರು ಅಕ್ಕತಂಗಿಯರಲ್ಲ, ಬೇರೆ ಬೇರೆ ತವರಿನಿಂದ ಬಂದು ಒಂದೇ ಒಲೆ ಹಂಚಿಕೊಂಡ ಓರಗಿತ್ತಿಯರ ಹಾಗೆ. ಅವರಲ್ಲಿ ಒಬ್ಬರಿಗೊಬ್ಬರು ಗಟ್ಟಿಯಾಗಿ ಅಂಟಿಕೊಂಡವರ ಮರಿಗಳು ಹೆಚ್ಚು ಉಳಿದವು, ಗಂಡುಕುದುರೆಯ ಕಾಟವೂ ಅವರಿಗೆ ಕಡಿಮೆ.

ಸ್ನೇಹದ ಇನ್ನೊಂದು ಲೆಕ್ಕ ನಿದ್ದೆಯದು. ಕುದುರೆ ನಿಂತೇ ತೂಕಡಿಸಬಲ್ಲದು, ನಿಜ. ಆದರೆ ಕನಸಿನ ಗಾಢ ನಿದ್ದೆಗೆ ಅದು ಮಲಗಲೇಬೇಕು. ಓಟವನ್ನೇ ನಂಬಿ ಬದುಕುವ ಪ್ರಾಣಿ ಕಾಲು ಚಾಚುವುದು ಪಕ್ಕದಲ್ಲಿ ಇನ್ನೊಂದು ಎದ್ದು ನಿಂತಿದೆ ಎಂಬ ಧೈರ್ಯದ ಮೇಲೆ. ಹಾಗಾಗಿ ಗೆಳೆಯ ಹೋದನೆಂದರೆ ಕಾವಲೂ ಹೋಯಿತು, ನಿದ್ದೆಯೂ ಹೋಯಿತು.

ಹೋದದ್ದು ಯಾರೆಂದು ಅದಕ್ಕೆ ತಿಳಿಯುತ್ತದೆಯೇ? ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಒಂದು ಸರಳ ಪರೀಕ್ಷೆ ಪ್ರಕಟಿಸಿದರು. ಹಿಂಡಿನ ಒಂದು ಕುದುರೆಯನ್ನು ಇನ್ನೊಂದರ ಮುಂದೆ ನಡೆಸಿಕೊಂಡು ಹೋಗಿ ಮರೆಮಾಡಿದರು. ಆಮೇಲೆ ಮರೆಯ ಕಡೆಯಿಂದ ಧ್ವನಿವರ್ಧಕದಲ್ಲಿ ಕೆನೆತ ಕೇಳಿಸಿದರು. ಕೆನೆತ ಹೋದವನದೇ ಆದರೆ ಸರಿ. ಬೇರೆಯವನದಾದರೆ ನೋಡುತ್ತಿದ್ದ ಕುದುರೆ ಥಟ್ಟನೆ ತಿರುಗಿ ಹೆಚ್ಚು ಹೊತ್ತು ದಿಟ್ಟಿಸಿತು. ಹೋದವನು ಅವನು, ಕೂಗಿದವನು ಇವನು ಹೇಗೆ ಎಂಬ ಗೊಂದಲ ಅದರದು. ಅಂದರೆ ಕಣ್ಣಿಗೆ ಕಾಣದ ಗೆಳೆಯನ ರೂಪವೂ ದನಿಯೂ ಅದರ ತಲೆಯಲ್ಲಿ ಒಟ್ಟಿಗಿವೆ. ಯಾರು ಇಲ್ಲ ಎಂದು ತಿಳಿಯಲು ಇಷ್ಟು ಬಂಡವಾಳ ಸಾಕು.

ಇನ್ನು ಅಗಲಿಕೆಗಳಲ್ಲಿ ಮುಕ್ಕಾಲು ಪಾಲು ಮಾಡಿದವರು ನಾವೇ. ಕಾಡಿನಲ್ಲಿ ತಾಯಿಕುದುರೆ ಒಂಬತ್ತು ಹತ್ತು ತಿಂಗಳಿಗೆ ತಾನಾಗಿ ಹಾಲು ಬಿಡಿಸುತ್ತದೆ, ಮರಿ ಆಮೇಲೂ ಪಕ್ಕದಲ್ಲೇ ಓಡಾಡಿಕೊಂಡಿರುತ್ತದೆ. ಸಾಕಣೆಯಲ್ಲಿ ಆರು ತಿಂಗಳಿಗೆ, ಕೆಲವೊಮ್ಮೆ ಇನ್ನೂ ಮೊದಲು, ಒಂದೇ ದಿನದಲ್ಲಿ ಬೇರ್ಪಡಿಸುವುದು ವಾಡಿಕೆ. ಆ ರಾತ್ರಿ ಲಾಯದ ಆಸುಪಾಸಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಆಮೇಲೆ ಹರಾಜು, ಲಾರಿ, ಹೊಸ ಊರು.

ಯುದ್ಧದ್ದು ಬೇರೆಯೇ ಅಧ್ಯಾಯ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಊರನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಅವರ ನೆನಪಿಗೆ ದೆಹಲಿಯಲ್ಲಿ ನಿಂತದ್ದು ತೀನ್ ಮೂರ್ತಿ: ಮೈಸೂರು, ಜೋಧಪುರ, ಹೈದರಾಬಾದುಗಳ ಮೂವರು ಸವಾರರು. ಮುಂದಿನ ಸಲ ಹೋದಾಗ ನೋಡಿ, ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆ ಸೈನ್ಯದ ಸ್ಮಾರಕದಲ್ಲಿ ಕುದುರೆಯೇ ಇಲ್ಲ. ಅದೇ ಯುದ್ಧಕ್ಕೆ ಆಸ್ಟ್ರೇಲಿಯಾದಿಂದ 1,30,000ಕ್ಕೂ ಹೆಚ್ಚು ಕುದುರೆಗಳು ಹೊರಟವು, ಮರಳಿ ಮನೆ ಕಂಡದ್ದು ಒಂದೇ ಒಂದು, ಸ್ಯಾಂಡಿ ಎಂಬುದು. ಅದೂ ಸತ್ತ ಸೇನಾಪತಿಯ ಕುದುರೆಯಾಗಿದ್ದರಿಂದ. ಈಜಿಪ್ಟಿನಲ್ಲಿ ಬ್ರಿಟಿಷ್ ಸೈನ್ಯ ಮಾರಿಹೋದ ಕುದುರೆಗಳು ಕೈರೋ ಬೀದಿಗಳಲ್ಲಿ ಗಾಡಿ ಎಳೆಯುತ್ತಿದ್ದುದನ್ನು 1930ರಲ್ಲಿ ಡೊರೊತಿ ಬ್ರೂಕ್ ಎಂಬ ಮಹಿಳೆ ಕಂಡರು. ಯುದ್ಧ ಮುಗಿದು ಹನ್ನೆರಡು ವರ್ಷ. ಮೂಳೆ ಎದ್ದ ಆ ಮುದಿ ಕುದುರೆಗಳನ್ನು ಚಂದಾ ಎತ್ತಿ ಕೊಂಡುಕೊಂಡರು, ಬಹುಪಾಲಿಗೆ ನೋವಿಲ್ಲದ ಸಾವು ಕೊಡಿಸುವುದಕ್ಕಾಗಿಯೇ. 1934ರಲ್ಲಿ ಅಲ್ಲೊಂದು ಆಸ್ಪತ್ರೆಯನ್ನೂ ಕಟ್ಟಿದರು.

ಕುದುರೆಯನ್ನೇ ಅದರ ದುಃಖದ ಬಗ್ಗೆ ಕೇಳಿದವನೊಬ್ಬ ಇದ್ದಾನೆ, ಕಥೆಯಲ್ಲಿ. ಚೆಕಾಫ್ 1886ರಲ್ಲಿ ಬರೆದ ಸಣ್ಣಕಥೆಯ ಗಾಡಿ ಹೊಡೆಯುವ ಅಯೋನ. ಮಗ ಸತ್ತು ವಾರವಾಗಿಲ್ಲ. ಪೀಟರ್ಸ್‌ಬರ್ಗಿನ ಹಿಮದಲ್ಲಿ ಹತ್ತಿದ ಪ್ರಯಾಣಿಕರಿಗೆಲ್ಲ ಹೇಳಿಕೊಳ್ಳಲು ನೋಡುತ್ತಾನೆ, ಯಾರಿಗೂ ವ್ಯವಧಾನವಿಲ್ಲ. ಕೊನೆಗೆ ಲಾಯಕ್ಕೆ ಹೋಗಿ ಹುಲ್ಲು ಮೆಲ್ಲುತ್ತಿರುವ ತನ್ನ ಕುದುರೆಗೇ ಹೇಳುತ್ತಾನೆ. ಈ ಕಥೆಯನ್ನು ಎಲ್ಲರೂ ಮನುಷ್ಯನ ಒಂಟಿತನದ ಕಥೆ ಎಂದೇ ಓದುತ್ತಾರೆ, ಸರಿಯೇ. ನನ್ನ ಕಣ್ಣು ನಿಲ್ಲುವುದು ಬೇರೆಡೆ. ನಿನಗೊಂದು ಮರಿ ಇದ್ದು, ಆ ಮರಿ ಸತ್ತಿದ್ದರೆ ನಿನಗೂ ಸಂಕಟವಾಗುತ್ತಿತ್ತಲ್ಲವೇ ಎಂದು ಅವನು ಕೇಳುತ್ತಾನೆ. ಮಹಾಕಾವ್ಯಗಳ ಸಾರಥಿಗಳಿಗೆ ಹೊಳೆಯದ ಪ್ರಶ್ನೆ ಒಬ್ಬ ಬಡ ಗಾಡಿಯವನಿಗೆ ಹೊಳೆಯಿತು.

ಈಗಿನ ಪಶುವೈದ್ಯರೂ ಆ ದಾರಿಗೆ ಬರುತ್ತಿದ್ದಾರೆ. ಒಂದು ಕುದುರೆ ಸತ್ತರೆ ಹೆಣವನ್ನು ಕೂಡಲೇ ಎಳೆದುಹಾಕಬೇಡಿ, ಜೊತೆಗಾರ ಬಂದು ಮೂಸಿ ನೋಡಲಿ ಎನ್ನುತ್ತಾರೆ. ಕೆಲವು ಕುದುರೆಗಳು ಬಹಳ ಹೊತ್ತು ನಿಲ್ಲುತ್ತವೆ, ಮೂತಿಯಿಂದ ನೂಕಿ ನೋಡುತ್ತವೆ. ಕೆಲವು ಒಮ್ಮೆ ಮೂಸಿ, ಪಕ್ಕದಲ್ಲೇ ಹುಲ್ಲು ಮೇಯಲು ಶುರುಮಾಡುತ್ತವೆ; ಅವಕ್ಕೆ ಕಲ್ಲು ಹೃದಯ ಎನ್ನುವವರು ನಮ್ಮ ಹದಿಮೂರನೇ ದಿನದ ವೈಕುಂಠ ಸಮಾರಾಧನೆಯ ಎಲೆಯನ್ನು ನೆನೆಯಬೇಕು. ಎರಡನೇ ಸಲಹೆ: ಒಂಟಿಯಾಗಿ ಬಿಡಬೇಡಿ, ಜೊತೆ ಕೊಡಿ.

ಕೊಡುವುದೂ ಸುಲಭವಲ್ಲ. ಅಮೆರಿಕದ ಸೀಬಿಸ್ಕಿಟ್ ಎಂಬ ರೇಸ್ ಕುದುರೆ 1936ರಲ್ಲಿ ಟಾಮ್ ಸ್ಮಿತ್ ಎಂಬ ಟ್ರೇನರ್ ಕೈಗೆ ಬಂದಾಗ ಸದಾ ಲಾಯದೊಳಗೆ ಸುತ್ತುತ್ತ, ಬೆವರುತ್ತ ಇತ್ತು. ರೇಸಿನ ಲಾಯಗಳ ಹಳೆಯ ಮದ್ದೆಂದರೆ ಮೇಕೆ. ಸ್ಮಿತ್ ಒಂದು ಮೇಕೆಯನ್ನು ಒಳಗೆ ಬಿಟ್ಟ. ಸೀಬಿಸ್ಕಿಟ್ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒಂದಷ್ಟು ಸುತ್ತು ತಿರುಗಿಸಿ, ಅರೆಬಾಗಿಲಿನ ಮೇಲಿಂದ ಹೊರಗೆ ಎಸೆಯಿತು. ಆಮೇಲೆ ಪಂಪ್ಕಿನ್ ಎಂಬ ಸಾಧು ಕುದುರೆಯನ್ನು ತಂದು, ಎರಡು ಲಾಯಗಳ ನಡುವಿನ ಗೋಡೆ ಒಡೆದರು. ಇಬ್ಬರೂ ಬದುಕಿನುದ್ದಕ್ಕೂ ಜೊತೆಗಿದ್ದರು. ಆ ಲಾಯಕ್ಕೆ ಒಂದು ಬೀದಿನಾಯಿ ಬಂದು ಸೇರಿಕೊಂಡಿತು, ಒಂದು ಕೋತಿಯೂ ಬಂತು, ಯಾರದೂ ತಕರಾರಿರಲಿಲ್ಲ. ಮೇಕೆಯನ್ನು ಮಾತ್ರ ಇನ್ನೊಂದು ಸಲ ಒಳಗೆ ಬಿಡುವ ಧೈರ್ಯ ಯಾರೂ ಮಾಡಲಿಲ್ಲ.