ಉಸಿರಿನ ಲೆಕ್ಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನವಿಡೀ ಲೆಕ್ಕ ಬರೆದವನು ನಾನು. ಉಸಿರಿಗೂ ಲೆಕ್ಕವಿದೆ ಎಂದು ಕಲಿಸಿದ್ದು ನನ್ನ ಮೊಮ್ಮಗಳು.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಅವಳು ಸ್ಕೂಬಾ ಡೈವಿಂಗ್ ಕಲಿತಳು. ಕೆಲಸ ಸಿಕ್ಕಿದ್ದೇ ತಡ, ಸ್ವಂತ ರೆಗ್ಯುಲೇಟರ್ ಕೊಳ್ಳುವ ಆಸೆ. "ಗೆಳೆಯನೊಬ್ಬ ಹಳೇದನ್ನ ಅರ್ಧ ಬೆಲೆಗೆ ಕೊಡ್ತಾನಂತೆ ತಾತ" ಎಂದಳು.

"ಅದು ಏನು ಮಾಡುತ್ತೆ, ಮೊದಲು ಹೇಳು" ಎಂದೆ.

ಮಕ್ಕಳೇ, ಅವಳು ಹೇಳಿದ್ದಿಷ್ಟು. ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು! ಅದು ನೇರವಾಗಿ ಬಾಯಿಗೆ ನುಗ್ಗಿದರೆ ಗತಿಯೇನು? ರೆಗ್ಯುಲೇಟರ್ ಅದನ್ನು ಎರಡು ಹಂತಗಳಲ್ಲಿ ತಗ್ಗಿಸುತ್ತದೆ. ಮೊದಲನೆಯ ಹಂತ ಸಿಲಿಂಡರಿನ ಮೇಲಿರುತ್ತದೆ. ಎರಡನೆಯದನ್ನು ಬಾಯಲ್ಲಿ ಕಚ್ಚಿಕೊಳ್ಳಬೇಕು. ನಾವು ಉಸಿರೆಳೆದಾಗ ಮಾತ್ರ ಅದು ಆ ಆಳಕ್ಕೆ ತಕ್ಕಷ್ಟು ಗಾಳಿ ಬಿಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ಇಂಥ ಸಾಧನವನ್ನು ಬಳಕೆಗೆ ತಂದರು.

ನನಗೆ ಆಸ್ತಮಾ. ಉಸಿರು ಸಿಗದ ಸಂಕಟ ಬಲ್ಲೆ. "ನೀರಿನೊಳಗೆ ಉಸಿರಾಟ ಸಲೀಸಾಗಿತ್ತಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಒಂದ್ಸಲ ಹೆದರಿಬಿಟ್ಟೆ ತಾತ. ಗಾಳಿ ಸಾಲದು ಅನ್ನಿಸಿ ಬೇಗ ಬೇಗ ಉಸಿರಾಡಿದೆ. ಕಲಿಸೋರು ಕೈ ಹಿಡಿದು ಮೇಲೆ ತಂದ್ರು. ಅಮ್ಮಂಗೆ ಹೇಳ್ಬೇಡ."

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಸಾದಾ ರೆಗ್ಯುಲೇಟರ್ ಅಗ್ಗ, ಗಟ್ಟಿಮುಟ್ಟು. ಆದರೆ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಗಾಳಿ ಎಳೆಯುವುದು ತುಸು ಕಷ್ಟ. 'ಬ್ಯಾಲೆನ್ಸ್ಡ್' ಎಂಬ ಬಗೆಯದರಲ್ಲಿ ಮೊದಲಿನಿಂದ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಹದ. ಕೆಲವಕ್ಕೆ ಎಳೆತವನ್ನು ಹಗುರ, ಬಿಗಿ ಮಾಡಿಕೊಳ್ಳುವ ತಿರುಪೂ ಇರುತ್ತದೆ. ಹಿಮದಂಥ ನೀರಿಗೆಂದೇ ಮಾಡಿದ ದುಬಾರಿಯದು ನಮ್ಮ ಬೆಚ್ಚನೆಯ ಕಡಲಿಗೆ ಬೇಕಿಲ್ಲ. ಕಚ್ಚುವ ರಬ್ಬರ್ ದೊಡ್ಡದಾದರೆ ದವಡೆ ನೋಯುತ್ತದೆ. ಅವಳದು ಪುಟ್ಟ ಬಾಯಿ, ಚಿಕ್ಕದನ್ನೇ ಹಾಕಿಸಿದೆವು.

ಗೆಳೆಯನ ಹಳೆಯದಕ್ಕೆ ಸರ್ವಿಸ್ ಮಾಡಿಸಿದ ದಾಖಲೆಯೇ ಇರಲಿಲ್ಲ. ಸಹಿಯಿಲ್ಲದ ಚೆಕ್ಕಿಗೆ ನಾನು ಎಂದೂ ಹಣ ಕೊಟ್ಟವನಲ್ಲ! ಬ್ಯಾಲೆನ್ಸ್ಡ್ ರೆಗ್ಯುಲೇಟರನ್ನೇ ಆರಿಸಿದೆವು. ಕಡಿಮೆಬಿದ್ದ ಹಣವನ್ನು ನಾನೇ ಕೊಟ್ಟೆ, ಎರಡು ಷರತ್ತಿನ ಮೇಲೆ. ಹೆದರಿದ ವಿಷಯವನ್ನು ಅಮ್ಮನಿಗೆ ತಾನೇ ಹೇಳಬೇಕು. ಈಜುಕೊಳದಲ್ಲಿ ಮತ್ತೆ ಅಭ್ಯಾಸ ಮಾಡದೆ ಕಡಲಿಗಿಳಿಯಬಾರದು. ಎಷ್ಟು ಒಳ್ಳೆಯ ಯಂತ್ರವಾದರೂ ಹೆದರಿಕೆಯನ್ನು ಅದು ಹೋಗಲಾಡಿಸೀತೇ?

ಎರಡನ್ನೂ ಪಾಲಿಸಿದಳು. ಹತ್ತು ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ದಡದಲ್ಲಿ ಬೇಕಾಗುವ ಗಾಳಿಯ ಎರಡರಷ್ಟು ಖರ್ಚಾಗುತ್ತದಂತೆ. ಹಾಗಾಗಿ ನಿಧಾನ, ದೀರ್ಘ ಉಸಿರೇ ಉಳಿತಾಯ. ಆದರೆ ಉಸಿರು ಹಿಡಿಯುವಂತಿಲ್ಲ. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ.

ನನ್ನ ಇನ್‌ಹೇಲರಿನದು ಇದಕ್ಕೆ ತದ್ವಿರುದ್ಧ: ಎಳೆದ ಮೇಲೆ ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಈಗ ಊರಿಗೆ ಬಂದಾಗಲೆಲ್ಲ ಮೊಮ್ಮಗಳು ಎದುರು ಕೂತು ಎಣಿಸುತ್ತಾಳೆ. ಎಂಟಕ್ಕೇ ಬಿಟ್ಟರೆ, "ಲೆಕ್ಕ ತಪ್ಪಿತು ತಾತ" ಎಂದು ಗದರುತ್ತಾಳೆ.