ಭಂಕೂರಿನ ಪರಸಿಕಲ್ಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮೂವತ್ತು ವರ್ಷಗಳ ಪರ್ಯಂತ ಶಾಲೆಯ ಮಕ್ಕಳಿಗೆ ವಿವರಿಸುತ್ತ ಬಂದವನಾದರೂ, ಅದರ ನಿಜವಾದ ಅರ್ಥವು ನನಗೆ ತಿಳಿದದ್ದು ವೃತ್ತಿಯಿಂದ ವಿಶ್ರಾಂತಿಯನ್ನು ಪಡೆದ ಮೇಲೆಯೇ. ಮನೆ ಕಟ್ಟಿಸುವುದರಲ್ಲಿ ಕಷ್ಟವಾದದ್ದು ಹಣವನ್ನು ಹೊಂದಿಸುವುದೆಂದು ಲೋಕವು ತಿಳಿದಿದೆ. ಅದಕ್ಕಿಂತ ಕಷ್ಟವಾದದ್ದು ಮತ್ತೊಂದುಂಟು: ಕಟ್ಟಿಸುವವನ ಮನಸ್ಸು ಎಂಥದೆಂಬುದು ಆಗ ಹೊರಬೀಳುತ್ತದೆ. ಈ ಪಾಠವನ್ನು ನಾನು ಕಲಿತದ್ದು ಭಂಕೂರಿನಲ್ಲಿ. ಕಲಿಸಿದವನು ಶಾಲೆಯ ಮೆಟ್ಟಲನ್ನು ಹತ್ತದ ಒಬ್ಬ ಕಲ್ಲಿನ ಕೆಲಸದವನು.

ನನ್ನದು ಚಿಕ್ಕ ಮನೆ. ಮುಂದೆ ನಮ್ಮ ವಾಸಕ್ಕೆ ನಾಲ್ಕು ಅಂಕಣ, ಅದರಲ್ಲಿಯೇ ದೇವರ ಕೋಣೆ. ಹಿಂದೆ ಬಾಡಿಗೆಗೆಂದು ಎರಡು ಖೋಲಿ. ನೆಲಕ್ಕೆ ಹಾಸಲು ಪರಸಿಕಲ್ಲು ಬೇಕಾಗಿತ್ತು. ಹಿಂದೆ ನನ್ನಲ್ಲಿ ಓದಿದ ಹುಡುಗನೊಬ್ಬನು ಭಂಕೂರಿನಲ್ಲಿ ಕಲ್ಲಿನ ವ್ಯಾಪಾರವನ್ನು ಮಾಡುತ್ತಿದ್ದು, “ತಾವೇ ಬಂದು ಆರಿಸಿರಿ” ಎಂದು ಹೇಳಿಕಳುಹಿಸಿದ್ದನು. ಹೊರಟವನು, ಕುಲದೇವತೆಯ ದರ್ಶನವೂ ಆಗಲೆಂದು ಮೊದಲು ಭೀಮಾತೀರದ ಸನ್ನತಿಗೆ ಹೋದೆನು.

ಸನ್ನತಿಯ ಚಂದ್ರಲಾಂಬೆಯ ಕ್ಷೇತ್ರವನ್ನು ಅರಿಯದ ಮನೆಗಳು ಈ ಸೀಮೆಯಲ್ಲಿ ವಿರಳ. 1980ರ ದಶಕದಲ್ಲಿ ಅಲ್ಲಿಯ ಕಾಳಿಕಾ ಗುಡಿಯಲ್ಲಿ ದೇವಿಯ ಪೀಠವಾಗಿದ್ದ ಕಲ್ಲನ್ನು ಪರೀಕ್ಷಿಸಲಾಗಿ, ಅದರ ಎರಡು ಮಗ್ಗುಲುಗಳಲ್ಲಿಯೂ ಅಶೋಕ ಚಕ್ರವರ್ತಿಯ ಧರ್ಮಶಾಸನಗಳು ಕಂಡುಬಂದವು. ತನ್ನ ಮತವನ್ನು ಹೊಗಳಿಕೊಳ್ಳುತ್ತ ಪರಮತವನ್ನು ಹಳಿಯಬಾರದು, ನಾಲಗೆಯನ್ನು ಹತೋಟಿಯಲ್ಲಿಡಬೇಕು, ಎಲ್ಲ ಮತಗಳಲ್ಲಿಯೂ ಸಾರವು ಬೆಳೆಯಬೇಕು ಎಂಬುದು ಅವುಗಳಲ್ಲೊಂದರ ತಾತ್ಪರ್ಯ. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಕಲ್ಲಿನ ನಡುವೆ ರಂಧ್ರವನ್ನು ಕೊರೆದುದರಿಂದ ಕೆಲವು ಅಕ್ಷರಗಳು ನಷ್ಟವಾಗಿವೆ. ಎಷ್ಟೋ ಕಾಲ ಮೇಲೆ ಪೂಜೆ ನಡೆಯುತ್ತಿತ್ತು; ಕೆಳಗೆ ಧರ್ಮದ ಮಾತು ಓದುವವರಿಲ್ಲದೆ ಬಿದ್ದಿತ್ತು. ಆ ದಿನ ಇದನ್ನು ನಾನು ಒಂದು ವಿಚಿತ್ರ ಸಂಗತಿಯೆಂದು ಮಾತ್ರ ಎಣಿಸಿದೆನು.

ಮರುದಿನ ಶಹಾಬಾದದಲ್ಲಿ ಇಳಿದು ಭಂಕೂರಿಗೆ ಹೋದೆನು. ಮೇಲೆ ಎರೆಭೂಮಿ, ಅದರಲ್ಲಿ ತೊಗರಿಯ ಬೆಳೆ. ಎರೆಯ ಅಡಿಯಲ್ಲಿ ಪದರಪದರವಾಗಿ ಹಾಸಿಕೊಂಡ ಸುಣ್ಣಗಲ್ಲು. ಬಹು ಪುರಾತನ ಕಾಲದಲ್ಲಿ ಕಡಲಿನ ತಳದಲ್ಲಿ ಕೆಸರು ನೆಲೆಗೊಂಡು ಈ ಶಿಲೆಯಾಯಿತೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಉಳಿಯಿಂದ ಏಳಿಸಿದರೆ ಅದು ಹಲಗೆ ಹಲಗೆಯಾಗಿ ಬರುತ್ತದೆ. ಮನೆಯ ಗೋಡೆ, ಅಂಗಳದ ಹಾಸು, ಜಗಲಿ, ಎಲ್ಲವೂ ಆ ಕಲ್ಲೇ. ಶಹಾಬಾದಿ ಪರಸಿ ಎಂಬ ಹೆಸರಿನಿಂದ ಇದು ದೇಶದ ಎಷ್ಟೋ ಮನೆಗಳ ನೆಲವಾಗಿದೆ.

ನನ್ನ ಶಿಷ್ಯನು ಚಹಾ ಕುಡಿಸಿ, ಕಲ್ಲು ಪರೀಕ್ಷಿಸಲು ಒಬ್ಬ ವೃದ್ಧನನ್ನು ಜೊತೆಗೆ ಕೊಟ್ಟನು. ಆತನು ಪ್ರತಿಯೊಂದು ಹಲಗೆಯನ್ನೂ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕಿವಿಗೊಡುತ್ತಿದ್ದನು. ಗಟ್ಟಿಯಾದ ಕಲ್ಲು ಕಂಚಿನಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ಬೋದು ಸದ್ದು. ಬಿರುಕಿನವು ಒಂದು ಕಡೆ ರಾಶಿಯಾದವು. ಅವುಗಳ ಬೆಲೆ ಅರ್ಧಕ್ಕೂ ಕಡಿಮೆಯೆಂದು ಕೇಳಿ ನನಗೆ ಆಸೆ ಹುಟ್ಟಿತು.

“ದೇವರ ಕೋಣೆಗೂ ನಮ್ಮ ಅಂಕಣಗಳಿಗೂ ಒಳ್ಳೆಯವಿರಲಿ. ಹಿಂದಿನ ಬಾಡಿಗೆ ಖೋಲಿಗಳಿಗೆ ಇವೇ ಸಾಕು” ಎಂದೆನು.

ವೃದ್ಧನು ಸುತ್ತಿಗೆಯನ್ನು ಕೆಳಗಿಟ್ಟು, “ಯಾಕ್ರಿ ಮಾಸ್ತರ, ಅಲ್ಲಿ ಇರೋರು ಮನಶ್ಯಾರು ಅಲ್ಲೇನ್ರಿ? ಒಡಕ ಕಲ್ಲಿಗಿ ಮನಿ ಯಾರದು ಅಂತ ಗೊತ್ತಿರಂಗಿಲ್ರಿ, ಕಾಲಿಗಿ ಚುಚ್ಚೋದಷ್ಟೇ ಗೊತ್ತು” ಎಂದನು.

ಅವನ ಮಾತಿನಲ್ಲಿ ಕೋಪವಿರಲಿಲ್ಲ. ನಾನು ಉತ್ತರವನ್ನು ಕೊಡಲಾರದೆ ಬೇವಿನ ಮರದ ನೆರಳಿಗೆ ಹೋಗಿ ಕುಳಿತೆನು. ದೂರದಲ್ಲಿ ಮುಂಬಯಿಯ ಕಡೆಗೆ ಹೋಗುವ ಗಾಡಿಯ ಸದ್ದು ಕೇಳಿಸಿತು. ಸೊಲ್ಲಾಪುರದಿಂದ ರಾಯಚೂರಿನವರೆಗೆ 1871ರಲ್ಲಿ ಹಾಕಿದ ದಾರಿ ಅದು. ಪ್ರಾಯದಲ್ಲಿ ಅದೇ ದಾರಿಯಿಂದ ಮುಂಬಯಿಗೆ ಹೋಗಿ ಕೆಲವು ತಿಂಗಳು ಇದ್ದಾಗ ನನ್ನ ನೆರೆಯವರಾಗಿದ್ದ ಒಬ್ಬ ಹಿರಿಯರ ನೆನಪು ಆಗ ಬಂದಿತು. ಅವರು ರೇಲ್ವೆ ಗುಮಾಸ್ತರು, ಮನೆಮಾತು ಮರಾಠಿ, ಮತದಿಂದ ಯೆಹೂದ್ಯರು, ಬೆನೆ ಇಸ್ರಾಯೇಲ ಎಂಬ ಪಂಗಡದವರು.

ಈ ಜನರು ಶತಮಾನಗಳಿಂದ ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣವನ್ನು ನಡೆಸಿಕೊಂಡಿದ್ದರು. ಉಡುಗೆ, ಊಟ, ಭಾಷೆ ಎಲ್ಲವೂ ನೆರೆಯವರಂತೆಯೇ. ಹೀಬ್ರೂ ಭಾಷೆಯನ್ನು ಬಹುಮಟ್ಟಿಗೆ ಮರೆತಿದ್ದರು. ದೇವರು ಒಬ್ಬನೇ ಎಂದು ಸಾರುವ ಶೆಮಾ ಎಂಬ ಪ್ರಾರ್ಥನೆ ಉಳಿದಿತ್ತು. ಆದರೆ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಆದಕಾರಣ ಜನರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ರೆಕ್ಕೆಯೂ ಹುರುಪೆಯೂ ಇಲ್ಲದ ಮೀನನ್ನು ಅವರು ತಿನ್ನುತ್ತಿರಲಿಲ್ಲ. ಗ್ರಂಥ ಹೋದರೂ ನಡತೆ ಉಳಿಯಿತು. ನಡತೆಯಿಂದಲೇ ಅವರ ಗುರುತು ಉಳಿಯಿತು.

ನಮ್ಮ ಕನ್ನಡ ನಾಡಿಗೂ ಅವರಿಗೂ ಒಂದು ನಂಟುಂಟು. ಅವರಲ್ಲಿ ಸಾಮಾಜಿ ಹಸಾಜಿ ದಿವೇಕರ ಎಂಬವರು ಕಂಪನಿಯ ಸೈನ್ಯದಲ್ಲಿದ್ದು ಎರಡನೆಯ ಮೈಸೂರು ಯುದ್ಧದಲ್ಲಿ ಟೀಪೂ ಸುಲ್ತಾನನ ಸೆರೆಯಾಳಾದರು. ಇಸ್ರಾಯೇಲನ ಸಂತತಿಯವರೆಂದು ತಿಳಿದು, ಖುರಾನಿನಲ್ಲಿ ಹೆಸರಿರುವ ಜನರನ್ನು ಕೊಲ್ಲಬಾರದೆಂದು ಸುಲ್ತಾನನ ತಾಯಿ ಬಿಡಿಸಿದಳೆಂಬ ಪ್ರತೀತಿ ಅವರಲ್ಲಿದೆ. ಊರಿಗೆ ಮರಳಿದ ದಿವೇಕರರು 1796ರಲ್ಲಿ ಮುಂಬಯಿಯ ಮೊದಲನೆಯ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಕಟ್ಟಿಸಿದರು. ಸಮೀಪದ ಮಸ್ಜಿದ್ ಟೇಶನ್ನಿಗೆ ಆ ಹೆಸರು ಬಂದದ್ದು ಈ ಮಂದಿರದಿಂದಲೇ ಎನ್ನುತ್ತಾರೆ. 1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ತರುವಾಯ ಬಹುಮಂದಿ ಅಲ್ಲಿಗೆ ಹೋದರು. ಈಗ ನಮ್ಮ ದೇಶದಲ್ಲಿ ಉಳಿದವರು ಕೆಲವೇ ಸಾವಿರ.

ಒಂದು ಸಂಜೆ ನಾನು, ಪ್ರಾಯದ ಉದ್ಧಟತನದಿಂದ, “ನಿಮ್ಮವರು ತಮ್ಮನ್ನು ದೇವರು ಆರಿಸಿದ ಜನವೆಂದು ಹೇಳಿಕೊಳ್ಳುತ್ತಾರಲ್ಲ, ಇದು ಗರ್ವವಲ್ಲವೆ?” ಎಂದು ಕೇಳಿದೆನು. ಅವರು ನಕ್ಕು ಹೇಳಿದರು: “ಮಾಸ್ತರ, ತರಗತಿಯಲ್ಲಿ ಗಲಾಟೆಯಾದರೆ ನೀವು ಮೊದಲು ಯಾರನ್ನು ಕೇಳುತ್ತೀರಿ? ಮಾನಿಟರನನ್ನಲ್ಲವೆ? ನಮ್ಮ ಸ್ಥಿತಿಯೂ ಹಾಗೆಯೇ. ಆರಿಸಿದ್ದು ಬಹುಮಾನಕ್ಕಲ್ಲ, ಮೊದಲು ಲೆಕ್ಕ ಕೇಳುವುದಕ್ಕೆ.” ಆಮೋಸನೆಂಬ ಅವರ ಪ್ರವಾದಿಯ ಉಪದೇಶವೂ ಇದೇ ಎಂದರು. ಯೆಹೂದ್ಯರು ತಮಗೆ ಆರುನೂರ ಹದಿಮೂರು ವಿಧಿಗಳನ್ನು ಎಣಿಸಿಕೊಳ್ಳುತ್ತಾರೆ. ಉಳಿದ ಮಾನವರಿಗೆ ಏಳು ಮಾತ್ರ. ಪರಜನರಲ್ಲಿಯ ಸಜ್ಜನರಿಗೂ ಪರಲೋಕದಲ್ಲಿ ಪಾಲುಂಟೆಂದು ಅವರ ಪಂಡಿತರು ಒಪ್ಪಿದ್ದಾರೆ. ಬೇರೆಯಾಗಿರುವುದೆಂದರೆ ಅವರ ಅರ್ಥದಲ್ಲಿ ಹೆಚ್ಚಿನ ಹೊರೆಯನ್ನು ಹೊರುವುದು.

ಆ ಹಿರಿಯರು ಹೇಳಿದ ಮತ್ತೊಂದು ವಿಧಿ ಆ ಬೇವಿನ ನೆರಳಿನಲ್ಲಿ ನನ್ನನ್ನು ಇರಿಯಿತು. ಪೂರ್ವಕಾಲದಲ್ಲಿ ಅವರಲ್ಲಿಯೂ ತೂಕಕ್ಕೆ ಕಲ್ಲುಗಳೇ ಇದ್ದವು. ಕೊಳ್ಳುವುದಕ್ಕೊಂದು ದೊಡ್ಡ ಕಲ್ಲು, ಕೊಡುವುದಕ್ಕೊಂದು ಚಿಕ್ಕ ಕಲ್ಲು ಹೀಗೆ ಎರಡು ಬಗೆಯ ಕಲ್ಲುಗಳನ್ನು ಚೀಲದಲ್ಲಿ ಇಡಲೇಬಾರದೆಂದು ತೋರಾ ಗ್ರಂಥವು ವಿಧಿಸುತ್ತದೆ. ಅವುಗಳಿಂದ ತೂಗುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ನಿಷಿದ್ಧ. ಭಂಕೂರಿನಲ್ಲಿ ನಾನು ಮಾಡಹೊರಟದ್ದಾದರೂ ಏನು? ನನಗೊಂದು ಕಲ್ಲು, ಪರರಿಗೊಂದು ಕಲ್ಲು.

ಸಂಸ್ಕೃತವನ್ನು ಓದಿದವನು ಇದನ್ನು ಅನ್ಯರಿಂದ ಕಲಿಯಬೇಕಾಗಿರಲಿಲ್ಲ. ಗೌತಮ ಧರ್ಮಸೂತ್ರವು ನಾಲ್ವತ್ತು ಸಂಸ್ಕಾರಗಳನ್ನೂ ದಯೆ, ಕ್ಷಮೆ, ಅನಸೂಯೆ ಮೊದಲಾದ ಎಂಟು ಆತ್ಮಗುಣಗಳನ್ನೂ ಎಣಿಸಿ, ಸಂಸ್ಕಾರಗಳೆಲ್ಲ ಇದ್ದು ಈ ಗುಣಗಳಿಲ್ಲದವನಿಗೆ ಬ್ರಹ್ಮಸಾಯುಜ್ಯವಿಲ್ಲವೆಂದೂ, ಸಂಸ್ಕಾರಗಳು ಕೆಲವೇ ಇದ್ದರೂ ಗುಣಗಳಿದ್ದವನಿಗೆ ಅದು ಉಂಟೆಂದೂ ಸ್ಪಷ್ಟವಾಗಿ ಹೇಳಿದೆ. ಇದನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ! ಮಡಿ, ಆಚಮನ, ಏಕಾದಶಿಗಳಿಂದ ನಾನು ಬೇರೆಯವನೆಂದು ಎಣಿಸಿಕೊಂಡಿದ್ದೆನು. ಸನ್ನತಿಯ ಪೀಠದ ಕಲ್ಲಿನ ಅರ್ಥ ಆಗ ಹೊಳೆಯಿತು: ನನ್ನ ಮನಸ್ಸಿನಲ್ಲಿಯೂ ಮೇಲೆ ಪೂಜೆ ನಡೆದಿತ್ತು, ಕೆಳಗೆ ಶಾಸನವು ಓದದೆ ಬಿದ್ದಿತ್ತು.

ಎದ್ದು ಹೋಗಿ, “ಎಲ್ಲ ಕೋಣೆಗಳಿಗೂ ಒಂದೇ ತರದ ಕಲ್ಲು ಕಳುಹಿಸಪ್ಪಾ” ಎಂದು ಶಿಷ್ಯನಿಗೆ ಹೇಳಿದೆನು. ಖರ್ಚು ಹೆಚ್ಚಾದುದರಿಂದ ಮುಂದಿನ ಜಗಲಿಯ ಮೇಲಿನ ತಗಡಿನ ಮಾಡನ್ನು ಆ ವರ್ಷ ಕೈಬಿಡಬೇಕಾಯಿತು. ಮನೆಯಾಕೆ ಮೊದಲು ಗೊಣಗಿದಳು, ಕಾರಣವನ್ನು ಹೇಳಿದಾಗ, “ಅಷ್ಟು ತಿಳಿಯಲು ಭಂಕೂರಿಗೆ ಹೋಗಬೇಕಾಯಿತೇನು?” ಎಂದು ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಬಿರುಕಿನ ಹಲಗೆಗಳಲ್ಲಿ ಒಂದನ್ನು ಮಾತ್ರ ನಾನು ಬೆಲೆ ಕೊಟ್ಟು ತಂದಿದ್ದೇನೆ. ಅದು ಬೆಳಿಗ್ಗೆ ನಾನು ಕುಳಿತು ಓದುವ ಸ್ಥಳದಲ್ಲಿದೆ. ವಾಚಕರು ಮನೆ ಕಟ್ಟಿಸುವವರಾದರೆ ತಮ್ಮ ಕಲ್ಲುಗಳನ್ನು ತಟ್ಟಿ ನೋಡಿಕೊಳ್ಳಲಿ. ಅದಕ್ಕಿಂತ ಮೊದಲು ಆರಿಸುವವನ ಮನಸ್ಸನ್ನೂ ಒಮ್ಮೆ ತಟ್ಟಿ ಕೇಳುವುದು ಲೇಸು.